ಶೇಂಗಾ ಪಥ್ಯ

"ತುರಿಕೆ ಹೇಗಿದೆ ಮರಿ?" ಎಂದು ಡಾಕ್ಟರು ಕೇಳಿದ್ದು ಧನುಶ್ರೀಯನ್ನು. ಅವಳು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದೆ ನಿಂತಿದ್ದ ಅಜ್ಜಿ ಕೊಟ್ರಮ್ಮ, "ಈಗ ಎಷ್ಟೋ ಕಡಿಮೆ ಐತೆ ಡಾಕ್ಟ್ರಮ್ಮ. ಪಥ್ಯ ಹಂಗೆ ಮಾಡ್ಸೀನಿ" ಎಂದಳು.

ಜಗಳೂರಿನ ಆಸ್ಪತ್ರೆಗೆ ಚರ್ಮದ ಡಾಕ್ಟರು ಬರುವುದು ವಾರಕ್ಕೊಮ್ಮೆ. ತಮ್ಮೂರು ಸೊಕ್ಕೆಯ ಹೊಲದಲ್ಲಿ ಅವತ್ತೇ ಶೇಂಗಾ ಕೀಳುವುದಿತ್ತು. ಮಗ, ಸೊಸೆ ಇಬ್ಬರೂ ಆ ಕಡೆ ಹೋಗಿದ್ದರಿಂದ ಮೊಮ್ಮಗಳನ್ನು ಕರೆದುಕೊಂಡು ಕೊಟ್ರಮ್ಮನೇ ಬಸ್ಸು ಹತ್ತಿದ್ದಳು. ಹೊರಡುವ ಮೊದಲು ಹುಡುಗಿಗೆ ನೀರೆರೆದು, ಮೊಣಕೈ ಮಡಿಕೆಗೂ ಮಂಡಿಯ ಹಿಂದಕ್ಕೂ ಕೊಬ್ಬರಿ ಎಣ್ಣೆ ತಿಕ್ಕಿದ್ದಳು. ಡಾಕ್ಟರ ಮುಂದೆ ಕೂಸು ಲಕ್ಷಣವಾಗಿ ಕಾಣಬೇಕಲ್ಲ.

ಡಾಕ್ಟರು ಸುಚಿತ್ರಾ ಎಣ್ಣೆ ಮಿನುಗುವ ಆ ಚರ್ಮವನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಒಂದೆರಡು ಒಣಗಿದ ಗಾಯ ಬಿಟ್ರೆ ಇಸುಬು ಅಷ್ಟೇನೂ ಕಾಣಲ್ಲ ಅಜ್ಜಿ. ಹಿಂಗೇ ಇದ್ರೆ ಹಳೇ ಮುಲಾಮೇ ಸಾಕು. ಆದ್ರೆ ನಂಗೆ ಕಾಣೋದು ಈ ಹೊತ್ತಿನ ಚರ್ಮ ಮಾತ್ರ. ಉಳಿದ ವಾರ ಹೆಂಗಿತ್ತು ಅನ್ನೋದು ಇವಳಿಗೇ ಗೊತ್ತು. ಅವಳೇ ಹೇಳ್ಲಿ, ನೀವು ಸ್ವಲ್ಪ ಸುಮ್ನಿರ್ರಿ."

"ಅದಕ್ಕೇನು ತಿಳೀತೈತೆ, ಕೂಸು! ನಾನು ಪಕ್ಕದಾಗೇ ಮಲಗ್ತೀನಿ, ಇಬ್ರಿಗೂ ಒಂದೇ ಕೌದಿ. ಕೆರೆದ ಸಪ್ಪಳ ಒಂದಿನ ಕೇಳಿಲ್ಲ. ಈ ಹಾಳು ಇಸುಬು ಬಂದಾಗಿಂದ ಬದನೆಕಾಯಿ, ಶೇಂಗಾ, ನಂಜು ಅನ್ನೋದು ಒಂದೂ ತಿನ್ನಾಕೆ ಬಿಟ್ಟಿಲ್ಲ. ಮನೆ ತುಂಬ ಶೇಂಗಾ ಚೀಲ ಐತೆ, ಇವಳಿಗಿಲ್ಲ ಅಂತ ನಾನೂ ಒಂದು ಕಾಳು ಬಾಯಿಗೆ ಹಾಕಿಲ್ಲ. ಮೊದಮೊದ್ಲು ಕದ್ದು ತಿಂತಿದ್ಲು, ತುರಿಕೆ ಏಳ್ತಿತ್ತು. ಈಗ ಬುದ್ಧಿ ಬಂದೈತೆ."

"ಕದ್ದು ತಿಂದಿದ್ದು ನೀವು ನೋಡಿದ್ರಾ?"

"ನೋಡಾಕೆ ಏನೈತೆ? ತಿನ್ನದೆ ತುರಿಕೆ ಎಲ್ಲಿಂದ ಬರ್ತೈತೆ?"

ಧನುಶ್ರೀ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಮನೆಯಲ್ಲೂ ಸ್ಕೂಲಿನಲ್ಲೂ ಅವಳು ಕೂರುವುದು ಹೀಗೆಯೇ. ಕಂಡವರೆಲ್ಲ ಎಂಥ ಸಮಾಧಾನದ ಹುಡುಗಿ ಎನ್ನುತ್ತಿದ್ದರು. ಡಾಕ್ಟರು ತಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ಹೋದ ವಾರ ಎಷ್ಟು ದಿನ ತುರಿಸ್ತು ಧನು?"

ಹುಡುಗಿ ಅಜ್ಜಿಯ ಮುಖ ನೋಡಿದಳು. "ನಾ ಶೇಂಗಾ ತಿಂದಿಲ್ಲ."

"ಶೇಂಗಾ ವಿಷ್ಯ ಬಿಡು. ತಿಂದಿದ್ರೂ ನಾನು ಬೈಯಲ್ಲ. ತುರಿಸ್ತಾ ಅಂತಷ್ಟೇ ಕೇಳ್ತಿರೋದು."

"ದಿನಾ ತುರಿಸ್ತೈತೆ." ದನಿ ಸಣ್ಣದಾಗಿತ್ತು. "ರಾತ್ರಿ ಜಾಸ್ತಿ."

"ಮತ್ತೆ ಅಜ್ಜಿಗೆ ಸಪ್ಪಳನೇ ಕೇಳ್ಸಿಲ್ವಂತೆ?"

"ಉಗುರಾಗೆ ಕೆರ್ಕಳಲ್ಲ. ಕೌದಿಗೆ ಹೊಲಿಗೆ ಇರ್ತಾವಲ್ಲ, ದಪ್ಪನವು, ಅದಕ್ಕೆ ಮೆಲ್ಲಗೆ ತಿಕ್ಕಂತೀನಿ. ಒಂದೊಂದ್ಸಲ ರಕ್ತ ಬರ್ತೈತೆ."

"ಒಂದು ರಾತ್ರಿನೂ ಚೆನ್ನಾಗಿ ನಿದ್ದೆ ಬರ್ಲಿಲ್ವಾ?"

"ಬಂತು. ಅಜ್ಜಿ ಹೊನ್ನಾಳಿಗೆ ಅತ್ತೆ ಮನೆಗೆ ಹೋಗಿದ್ಲಲ್ಲ, ಅವತ್ತು." ಹುಡುಗಿಯ ಮುಖ ಮೊದಲ ಸಲ ಅರಳಿತು. "ಅವತ್ತು ಮಲಗೋ ಮುಂದೆ ಜೋರಾಗಿ ಕೆರ್ಕಂಡೆ!"

ಕೌದಿಯ ಮೇಲೆ ಕೆಂಪು ಚುಕ್ಕೆ ಕೊಟ್ರಮ್ಮನೂ ಕಂಡಿದ್ದಳು. ತಿಗಣೆ ಎಂದುಕೊಂಡು ಕೌದಿಗೆ ಕುದಿಯುವ ನೀರು ಸುರಿದು ಬಿಸಿಲಿಗೆ ಹಾಕಿದ್ದಳು. ಹಾಸಿಗೆ ನೆಟ್ಟಗೆ ಇಟ್ಟುಕೊಳ್ಳುವುದಿಲ್ಲವೆಂದು ಸೊಸೆಗೂ ಬೈದಿದ್ದಳು. ಅದು ಕೊಟ್ರಮ್ಮನೇ ತನ್ನ ಹಳೇ ಸೀರೆಗಳನ್ನು ಕೂಡಿಸಿ, ಕೂಸಿಗೆ ಬಹಳ ದಿನ ಬರಲೆಂದು ಒತ್ತಾಗಿ ಹೊಲಿಗೆ ಹಾಕಿದ ಕೌದಿ.

"ನನಗೊಂದು ಮಾತು ಹೇಳಬಾರದಾಗಿತ್ತೇನವ್ವಾ?"

"ಮೊದ್ಲು ಹೇಳ್ತಿದ್ದೆ," ಎಂದಳು ಧನುಶ್ರೀ. ಅವಳ ಮಾತಿನಲ್ಲಿ ದೂರು ಇರಲಿಲ್ಲ. "ತುರಿಸ್ತೈತೆ ಅಂದ್ರೆ ನೀನು ಬಾಯಿ ತೆಗಿ ಅಂತಿದ್ದಿ. ಶೇಂಗಾ ವಾಸ್ನೆ ಐತೇನೋ ಅಂತ ಮೂಸಿ ನೋಡ್ತಿದ್ದಿ."

ಡಾಕ್ಟರು ಕುರ್ಚಿಯನ್ನು ಮತ್ತೆ ಮೇಜಿನ ಕಡೆ ಎಳೆದುಕೊಂಡರು. ಶೇಂಗಾ ತಿಂದಾಗ ಯಾವತ್ತಾದರೂ ತುಟಿ ಊದಿದ್ದು, ವಾಂತಿಯಾದದ್ದು ಉಂಟೇ ಎಂದು ಮಾತ್ರ ಕೇಳಿ, ಇಲ್ಲವೆಂದ ಮೇಲೆ, "ಹಂಗಾದ್ರೆ ತಿನ್ಲಿ ಬಿಡ್ರಿ" ಎಂದರು. ಹಳೇ ಮುಲಾಮಿನ ಚೀಟಿಯನ್ನು ಪಕ್ಕಕ್ಕಿಟ್ಟು ಬೇರೆ ಔಷಧಿ ಬರೆದರು.

ಬಸ್ ಸ್ಟ್ಯಾಂಡಿನಲ್ಲಿ ತಳ್ಳುಗಾಡಿಯವನು ಬೇಯಿಸಿದ ಶೇಂಗಾ ಮಾರುತ್ತಿದ್ದ. ಹುಟ್ಟಿದಾಗಿನಿಂದ ಕೊಟ್ರಮ್ಮ ದುಡ್ಡು ಕೊಟ್ಟು ಶೇಂಗಾ ಕೊಂಡವಳಲ್ಲ. ಅವತ್ತು ಕೊಂಡಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, ಬಿಸಿ ಪೊಟ್ಟಣವನ್ನು ಮೊಮ್ಮಗಳ ತೊಡೆಯ ಮೇಲಿಟ್ಟಳು. ಹುಡುಗಿ ಅದನ್ನು ಬಿಚ್ಚಲಿಲ್ಲ. ಬಸ್ಸು ಊರು ದಾಟಿದರೂ ಅವಳ ಕೈಗಳು ತೊಡೆಯ ಕೆಳಗೇ ಇದ್ದವು.

ಕೊಟ್ರಮ್ಮ ಅವಳ ತಲೆ ಸವರಿ, ತನ್ನಿಂದಾದಷ್ಟು ಮೆತ್ತಗೆ ಕೇಳಿದಳು: "ಈಗ ತುರಿಸ್ತೈತೇನವ್ವಾ?"

ಧನುಶ್ರೀ ಅಜ್ಜಿಯ ಕಡೆ ತಿರುಗಿ, ಮುಖವನ್ನು ಹತ್ತಿರ ತಂದು, ಅಗಲವಾಗಿ ಬಾಯಿ ತೆರೆದಳು.