ಭುಜ ಉಜ್ಜುವ ವಿದ್ಯೆ

"ಎಸೆಯೋ ಮುಂಚೆ ಭುಜ ಉಜ್ಕೋಬೇಕು ಕಣಕ್ಕಾ! ಇಲ್ದಿದ್ರೆ ಏಳು ಜನ್ಮಕ್ಕೂ ಡಿಸ್ಕು ಬುಟ್ಟಿಗೆ ಬೀಳಲ್ಲ!" ಎಂದು ಬೇಕರಿಯವನು ಹೊಸದಾಗಿ ಸೇರಿದ ಟೈಲರಮ್ಮನಿಗೆ ಹೇಳಿದ್ದು ಮೂರು ಲೋಕಕ್ಕೂ ಕೇಳಿಸಿತು. ಹಿಂದೆ ನಿಂತಿದ್ದ ಇಡೀ ತಂಡ ಬಲಭುಜ ಉಜ್ಜಿ ತೋರಿಸಿತು.

ಬುಟ್ಟಿಗಳನ್ನು ಕಿತ್ತು ಒಯ್ಯಲು ಲಾರಿ ತಂದಿದ್ದ ಅತ್ತಿಗೆ (ತಂಡಕ್ಕೆಲ್ಲ ಅವರು ಅತ್ತಿಗೆಯೇ) ಗೇಟಿನಲ್ಲೇ ಕಲ್ಲಾದರು. ತಟ್ಟೆಯಂಥ ಡಿಸ್ಕ್ ಎಸೆದು ಸರಪಳಿಯ ಬುಟ್ಟಿಗೆ ಬೀಳಿಸುವ ಈ ಡಿಸ್ಕ್ ಗಾಲ್ಫನ್ನು ಮೈದಾನಕ್ಕೆ ತಂದು, ಪ್ರತಿ ಭಾನುವಾರ ಸ್ಪರ್ಧೆ ನಡೆಸುತ್ತಿದ್ದ ಅವರ ಗಂಡ ತೀರಿಕೊಂಡು ತಿಂಗಳಾಗಿತ್ತು. ಸಂಧಿವಾತ ಗಂಡನ ಭುಜವನ್ನು ವರ್ಷಗಟ್ಟಲೆ ಹಿಂಡಿತ್ತು. ಉಜ್ಜಿಕೊಳ್ಳದೆ ಕೈ ಮೇಲೇಳುತ್ತಲೇ ಇರಲಿಲ್ಲ. ಆದರೆ ನೋವೆಂದು ಮೈದಾನದಲ್ಲಿ ಒಮ್ಮೆಯೂ ಬಾಯಿಬಿಟ್ಟವರಲ್ಲ. ಹಾಗಾಗಿ ಬ್ರಹ್ಮಾಂಡದಲ್ಲೇ ಅತಿ ಬುದ್ಧಿವಂತರಾದ ಶಿಷ್ಯರು ಅದನ್ನೇ ಆಟದ ಗುಟ್ಟೆಂದು ನಂಬಿ, ಕೋಣನಂಥ ಭುಜಗಳನ್ನು ಚರ್ಮ ಸುಲಿಯುವಷ್ಟು ಉಜ್ಜುತ್ತಿದ್ದರು.

"ಬಂದ್ರಾ ಅತ್ತಿಗೆ?" ಬೇಕರಿಯವನ ಮುಖ ಸಣ್ಣದಾಯಿತು. "ಬುಟ್ಟಿ ಬಿಚ್ಚಿಕೊಡ್ತೀವಿ. ಈ ಅಕ್ಕ ಒಂದೇ ಒಂದು ಸಲ ಎಸೀಲಿ."

ಟೈಲರಮ್ಮ ಮೊಣಕೈ ಹತ್ತಿರ ಎಲ್ಲೋ ಉಜ್ಜಿ ಎಸೆದಳು. ಡಿಸ್ಕು ಮೋಡಗಳನ್ನು ಸೀಳಿ, ಹಕ್ಕಿಗಳಿಗೆಲ್ಲ ಜೀವಭಯ ಹುಟ್ಟಿಸಿ, ಲಾರಿಯ ಮೇಲೆ ಹೋಗಿ ಬಿತ್ತು. "ಸರಿಯಾಗಿ ಉಜ್ಜೇ ಇಲ್ಲ!" ಎಂದು ತಂಡಕ್ಕೆ ತಂಡವೇ ಕೂಗಿಕೊಂಡಿತು.

ನಿಜ ಹೇಳಲು ಬಾಯಿ ತೆರೆದ ಅತ್ತಿಗೆಗೆ ನಗು ಬಂತು. ಒಂದು ತಿಂಗಳಲ್ಲಿ ಮೊದಲ ನಗು. ಲಾರಿಯವನಿಗೆ ಹೊರಡು ಎಂದು ಕೈಬೀಸಿ, ನೇರ ಬಂದು ಟೈಲರಮ್ಮನ ಕೈ ಹಿಡಿದು ಮೇಲಕ್ಕೆ ಸರಿಸಿದರು.

"ಅಲ್ಲಲ್ಲಮ್ಮಾ, ಇನ್ನೂ ಸ್ವಲ್ಪ ಮೇಲೆ. ಕತ್ತಿನ ಬುಡದಲ್ಲಿ. ಅವ್ರು ಉಜ್ತಿದ್ದಿದ್ದು ಅಲ್ಲಿ."