ಎಡಗಡೆಯ ಲೈಟು

ಜೀಪು ಕೊಳ್ಳಲು ಬಂದ ಸುಕೇಶ ಬಾನೆಟ್ಟೇ ಎತ್ತಲಿಲ್ಲ. ಶೀನಪ್ಪನಿಗೆ ಅದೇ ಹಿಡಿಸಲಿಲ್ಲ. ಮೂವತ್ತು ವರ್ಷ ನೆರಿಯದಿಂದ ಬೆಳ್ತಂಗಡಿಗೆ ಸರ್ವಿಸ್ ಜೀಪು ಓಡಿಸಿದವನು ಅವನು. ಎಂಜಿನ್ ನೋಡದೆ ಗಾಡಿ ಕೊಳ್ಳುವವ ಒಂದೋ ಪೆದ್ದ, ಇಲ್ಲ ಕಳ್ಳ. ದುಬೈಯಲ್ಲಿ ಹತ್ತು ವರ್ಷ ದುಡಿದು ಬಂದವ ಪೆದ್ದನಂತೂ ಆಗಿರಲಾರ.

ಸುಕೇಶ ಜೀಪಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಎಡಗಡೆಯ ಹೆಡ್‌ಲೈಟಿನ ಸುತ್ತ ಬೆರಳು ಸವರಿದ.

"ಇದು ಬದಲಿಸಿದ್ದು."

"ಹೌದು. ಬಾಕಿ ಎಲ್ಲ ಒರಿಜಿನಲ್ ಉಂಟು," ಎಂದ ಶೀನಪ್ಪ. "ಎಂಜಿನ್ ಕೂಡ ಬದಲಿಸಲಿಲ್ಲ. ಸ್ಟಾರ್ಟ್ ಮಾಡಿ ತೋರಿಸಲಾ?"

"ಬೇಡ. ಹಳೆಯ ಲೈಟು ಉಂಟಾ? ಒಡೆದದ್ದಾದರೂ ಅಡ್ಡಿಯಿಲ್ಲ."

ಹತ್ತು ವರ್ಷದ ಹಿಂದೆ ಇಂಥ ವಿಲ್ಲೀಸ್ ಜೀಪನ್ನು ಗುಜರಿಯವನೂ ಮೂಸುತ್ತಿರಲಿಲ್ಲ. 2001ರಲ್ಲಿ ಈ ಮನುಷ್ಯ ಮೂಡುಬಿದಿರೆ ಹತ್ತಿರದ ಶಿರ್ತಾಡಿಗೆ ಮರಳಿ, ಯಾರದೋ ಒಂದು ಜೀಪಿಗೆ ಎಪ್ಪತ್ತು ಸಾವಿರ ಕೊಟ್ಟ. ಮತ್ತೆ ಸಿದ್ಧಕಟ್ಟೆಯ ಒಂದಕ್ಕೆ ಲಕ್ಷ. ಅಲ್ಲಿಗೆ ಬಂಟ್ವಾಳ, ಮೂಡುಬಿದಿರೆ ಎಲ್ಲ ಕಡೆ ರೇಟು ಏರಿತು. ಬೆಂಗಳೂರಿನ ಶೋಕಿಯವರೂ ಮೂಸುತ್ತ ಬಂದರು. ಈಗ ಮೂರೇ ವರ್ಷದಲ್ಲಿ, ಕೋಳಿಗೂಡಾಗಿದ್ದ ಜೀಪನ್ನೂ ಜನ ತೊಳೆದು ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಮಾತು ಜೀಪಿಗೆ ಬಂದಿತ್ತು.

ಸುಕೇಶನ ಮನೆಯಲ್ಲಿ ಹದಿಮೂರು ಜೀಪು ಉಂಟಂತೆ. ಓಡಿಸುವುದಿಲ್ಲವಂತೆ, ಒರೆಸುವುದೂ ಇಲ್ಲವಂತೆ. ಟಯರಿನ ಬುಡದಲ್ಲಿ ಹುಲ್ಲು ಬೆಳೆದಿದೆಯಂತೆ. ದುಡ್ಡು ಹೆಚ್ಚಾದರೆ ಹೀಗೆಯೇ ಎಂದು ಊರು ನಕ್ಕಿತ್ತು.

ಶೀನಪ್ಪ ನಗುವ ಸ್ಥಿತಿಯಲ್ಲಿರಲಿಲ್ಲ. ಜಗಲಿಯ ಕುರ್ಚಿಯಲ್ಲಿ ಮಗ ಶೇಖರ ಕುಳಿತಿದ್ದ. ಮೂವತ್ತಾರರ ಪ್ರಾಯ, ಕಾಲು ಬಾತು, ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಮಂಗಳೂರಿಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರುತ್ತಿದ್ದ. ತಾಯಿ ಪ್ರೇಮಾವತಿ ತನ್ನ ಒಂದು ಕಿಡ್ನಿ ಕೊಡುತ್ತೇನೆಂದು ಕುಳಿತಿದ್ದಳು. ಆಪರೇಷನ್ನಿಗೆ ಎರಡೂವರೆ ಲಕ್ಷ ಬೇಕು. ಇನ್ನೆರಡು ತಿಂಗಳು ಕಳೆದರೆ ಮಾಡಿಯೂ ಪ್ರಯೋಜನವಿಲ್ಲ ಎಂದಿದ್ದರು ಡಾಕ್ಟರು. ಮಾರಲು ಉಳಿದದ್ದು ಜೀಪು ಒಂದೇ.

"ಹೀಗೆಯೇ ಆದರೆ ಒಂದೂವರೆ," ಸುಕೇಶ ಎದ್ದು ಕೈ ಒರೆಸಿಕೊಂಡ. "ಹಳೆಯ ಲೈಟೂ ಇದ್ದರೆ ಎರಡೂವರೆ."

ಒಂದು ಒಡಕು ಲೈಟಿಗೆ ಒಂದು ಲಕ್ಷ. ಇವನಿಗೆ ತಲೆ ಸರಿ ಇಲ್ಲ ಅನ್ನಿಸಿತು ಶೀನಪ್ಪನಿಗೆ. ಆದರೆ ಘಟ್ಟದ ಬುಡದಲ್ಲಿ ಜೀಪು ಓಡಿಸುವವ ತುಕ್ಕು ಹಿಡಿದ ನಟ್ಟನ್ನೂ ಬಿಸಾಡುವುದಿಲ್ಲ. ಎಲ್ಲಿ ಯಾವುದು ಬೇಕಾಗುತ್ತದೋ ಯಾರಿಗೆ ಗೊತ್ತು. ಆ ಲೈಟನ್ನು ಶೇಖರ ಒಮ್ಮೆ ಹೊಳೆಗೆ ಎಸೆಯಲು ಹೊರಟಿದ್ದ. ಶೀನಪ್ಪ ಬೈದು ಕಿತ್ತುಕೊಂಡು ಅಟ್ಟಕ್ಕೆ ಹಾಕಿದ್ದ. ಈಗ ತನ್ನ ಆ ಜಿಪುಣತನದ ಮೇಲೆ ಅವನಿಗೇ ಪ್ರೀತಿ ಬಂತು.

"ಉಂಟು ಮಾರಾಯ್ರೇ. ಅಟ್ಟದಲ್ಲಿ ಉಂಟು."

"ಅಪ್ಪಾ, ಆ ಗುಜರಿ ಎಲ್ಲ ಬೇಡ," ಶೇಖರ ಕುರ್ಚಿಯಿಂದಲೇ ಹೇಳಿದ. "ಒಂದೂವರೆಗೆ ಕೊಟ್ಟುಬಿಡಿ."

"ಒಂದೂವರೆಗೆ ಅರ್ಧ ಆಪರೇಷನ್ ಮಾಡ್ತಾರಾ? ನೀನು ಸುಮ್ಮನಿರು."

ಶೀನಪ್ಪ ಏಣಿ ಹತ್ತಿದ. ಮಗನಿಗೆ ಬದುಕುವ ಆಸೆಯೇ ಹೋಗಿದೆ ಎಂದು ಅವನಿಗೆ ಸಂಕಟವಾಯಿತು.

ಅವನು ಗೋಣಿಚೀಲ ಹಿಡಿದು ಇಳಿಯುವಾಗ ಪ್ರೇಮಾವತಿ ಬೆಲ್ಲ, ನೀರು ತಂದು ಇಟ್ಟಿದ್ದಳು. ಸುಕೇಶ ಮುಟ್ಟಿರಲಿಲ್ಲ. "ಮೊದಲು ಕೆಲಸ ಮುಗಿಯಲಿ ಅಮ್ಮ," ಎಂದಿದ್ದ.

"ಈ ಗಾಡಿ ನನ್ನ ಕೈ ಬಿಟ್ಟು ಹೋದದ್ದು ಒಂದೇ ಸಲ," ಶೀನಪ್ಪ ಚೀಲದ ಗಂಟು ಬಿಚ್ಚುತ್ತ ಹೇಳಿದ. ಒಬ್ಬನೇ ಯಜಮಾನ, ಒಂದೇ ಕೈ ಎಂದರೆ ರೇಟು ಗಟ್ಟಿಯಾಗುತ್ತದೆಂದು ಅವನು ಕೇಳಿದ್ದ. "ತೊಂಬತ್ತೊಂದರಲ್ಲಿ. ನನಗೆ ಜ್ವರ. ಮೂಡುಬಿದಿರೆ ಕಡೆಗೆ ಮದುವೆಯ ದಿಬ್ಬಣ ಬಿಡಲು ಈ ಶೇಖರ ಹೋಗಿದ್ದ. ಬರುವಾಗ ಕಡವೆ ಅಡ್ಡ ಬಂತು."

"ಕಡವೆ ಸತ್ತಿತಾ?" ಸುಕೇಶ ಕೇಳಿದ್ದು ಶೇಖರನನ್ನು.

"ಗೊತ್ತಿಲ್ಲ. ನಿಲ್ಲಿಸಲಿಲ್ಲ."

"ನಿಲ್ಲಿಸಿದರೆ ಫಾರೆಸ್ಟಿನವರು ಬಿಡ್ತಾರಾ?" ಶೀನಪ್ಪ ಮಗನ ಪರ ಬಾಯಿ ಹಾಕಿದ. "ಕಾಡುಪ್ರಾಣಿ ಅಲ್ಲವಾ, ಕೇಸು ಆಗ್ತದೆ."

ಶೀನಪ್ಪ ಲೈಟನ್ನು ಜಗಲಿಯ ಮೇಲಿಟ್ಟ. ರಿಂಗು ಸೊಟ್ಟಗಾಗಿತ್ತು. ಗೆರೆ ಗೆರೆಯ ದಪ್ಪ ಗಾಜಿನಲ್ಲಿ ಒಂದು ಮೂಲೆ ಇರಲಿಲ್ಲ.

"ಒಂದು ಚೂರು ಮಾತ್ರ ಇಲ್ಲ," ರೇಟು ಇಳಿದೀತೆಂಬ ಹೆದರಿಕೆಯಲ್ಲಿ ಅವನೇ ಮೊದಲು ಹೇಳಿದ. "ಅಲ್ಲೇ ರಸ್ತೆಯಲ್ಲಿ ಬಿದ್ದಿರಬೇಕು."

"ಅಡ್ಡಿಯಿಲ್ಲ," ಎಂದ ಸುಕೇಶ, ಬ್ಯಾಗಿನ ಜಿಪ್ಪು ಎಳೆದ.

ಪ್ರೇಮಾವತಿ ಕಣ್ಣು ಮುಚ್ಚಿ ಕೈ ಮುಗಿದಳು. ದೇವರು ಬಾಗಿಲಿಗೇ ಬಂದಿದ್ದಾನೆ ಎಂದುಕೊಂಡಳು. ಕಣ್ಣು ತೆರೆದಾಗ ಸುಕೇಶನ ಕೈಯಲ್ಲಿ ನೋಟಿನ ಕಟ್ಟು ಇರಲಿಲ್ಲ. ಮಡಚಿದ ಕರ್ಚೀಫು ಇತ್ತು, ಅದರೊಳಗೆ ಒಂದು ಗಾಜಿನ ಚೂರು. ಅವನು ಅದನ್ನು ಲೈಟಿನ ಖಾಲಿ ಮೂಲೆಗೆ ಇಟ್ಟ. ಗೆರೆಗೆ ಗೆರೆ ಕೂಡಿತು.

ಶೇಖರ ಕುರ್ಚಿಯ ಕೈ ಹಿಡಿದು ಏಳಲು ನೋಡಿದ. ಕಾಲು ಏಳಲಿಲ್ಲ.

"ರೇಟು ಏರಿಸದಿದ್ದರೆ ಇದನ್ನು ಯಾರು ಅಟ್ಟದಿಂದ ಇಳಿಸ್ತಾರೆ ಶೀನಪ್ಪಣ್ಣ," ಸುಕೇಶ ಮೆಲ್ಲಗೆ ಹೇಳಿದ. "ಈ ಚೂರು ನನ್ನ ಅಪ್ಪನ ಹೆಣದ ಅಂಗಿಯ ಮಡಿಕೆಯಲ್ಲಿತ್ತು."