ಶನಿವಾರದ ಹೋಳಿಗೆ

ದಾವಣಗೆರೆಯ ಬಟ್ಟೆ ವ್ಯಾಪಾರಿ ನಾಗಭೂಷಣ ಶೆಟ್ಟರು ಹೆಂಡತಿ, ಮಗಳ ಜೊತೆ ಆಫ್ರಿಕಾದ ಕಾಡು ನೋಡಲು ಹೋಗಿದ್ದರು.

ಬೆಳಗಿನ ಸಫಾರಿ. ಮೇಲೆಲ್ಲ ತೆರೆದ ಜೀಪು... ಕಣ್ಣು ಹಾಯಿಸಿದಷ್ಟೂ ಹುಲ್ಲು... ದೂರದಲ್ಲಿ ಜಿರಾಫೆಗಳ ಸಾಲು.

ಮಗಳು ಮೇಘನಾ ಕ್ಯಾಮೆರಾ ಹಿಡಿದು ಸಿಂಹ ಹುಡುಕುತ್ತಿದ್ದಳು. ಶೆಟ್ಟರಿಗೆ ಮಾತ್ರ ಬೇರೆಯದೇ ಚಿಂತೆ.

ಅಂದು ಶನಿವಾರ!

ಊರಲ್ಲಿದ್ದರೆ ಪ್ರತಿ ಶನಿವಾರ ಗುಡ್ಡದ ಆಂಜನೇಯನ ಗುಡಿಗೆ ಹೋಗಿ, ಅಲ್ಲಿನ ಕೋತಿಗಳಿಗೆ ಬಾಳೆಹಣ್ಣು ಕೊಟ್ಟ ಮೇಲೆಯೇ ಅವರು ತಿಂಡಿ ಮುಟ್ಟುವುದು. ಜ್ವರ ಬಂದಾಗಲೂ ತಪ್ಪಿಸಿದವರಲ್ಲ. ಇಲ್ಲಿ ಯಾವ ಗುಡಿ, ಯಾವ ಕೋತಿ?

ಅಷ್ಟರಲ್ಲಿ ಜೀಪು ಒಂದು ದೊಡ್ಡ ಮರದ ಹತ್ತಿರ ನಿಂತಿತು. ನೋಡಿದರೆ... ಕೊಂಬೆಯ ತುಂಬ ಕೋತಿಗಳು! ನಮ್ಮ ಕಡೆಯವಲ್ಲ... ನಾಯಿಯಂಥ ಮೂತಿಯ, ದೊಡ್ಡ ದೊಡ್ಡ ಬಬೂನ್‌ಗಳು.

ಶೆಟ್ಟರು ಕೈ ಮುಗಿದೇಬಿಟ್ಟರು. "ನೋಡೇ, ಇಷ್ಟು ದೂರ ಬಂದ್ರೂ ಸ್ವಾಮಿ ನನ್ನ ಕೈ ಬಿಡ್ಲಿಲ್ಲ!"

ಹೆಂಡತಿ ವಸುಂಧರಮ್ಮ ನಕ್ಕರು. "ಸಮುದ್ರ ದಾಟೋದು ಅವನಿಗೆ ಹೊಸದೇನ್ರೀ?"

ಶೆಟ್ಟರ ಕೈ ತಿಂಡಿ ಬ್ಯಾಗಿಗೆ ಹೋಯಿತು. ಅದನ್ನು ಕಂಡ ಡ್ರೈವರ್ ಕಮಾವ್ ಬೇಡ ಬೇಡ ಎಂದು ಕೈ ಆಡಿಸಿದ. ಮೇಘನಾಗೆ ಇಂಗ್ಲಿಷಿನಲ್ಲಿ ಏನೋ ವಿವರಿಸಿದ.

"ಅಪ್ಪಾ, ಏನೂ ಕೊಡಬಾರದಂತೆ. ಅಲ್ಲಿ ಕಿವಿ ಹರಿದಿರೋ ಹೆಣ್ಣು ಬಬೂನ್ ಇದೆಯಲ್ಲ... ಅದಕ್ಕೆ ಹಿಂದೆ ಟೂರಿಸ್ಟ್‌ಗಳು ಕೊಟ್ಟೂ ಕೊಟ್ಟೂ ಜೀಪಿನೊಳಗೇ ನುಗ್ತಿತ್ತಂತೆ. ಕಷ್ಟಪಟ್ಟು ಆ ಚಟ ಬಿಡಿಸಿದಾರಂತೆ. ಇನ್ನೊಂದು ಸಲ ಯಾರ ಮೇಲಾದ್ರೂ ಬಿದ್ರೆ... ಗುಂಡು ಹಾಕ್ತಾರಂತೆ."

"ಆಯ್ತು ಬಿಡು ಪುಟ್ಟಿ," ಎಂದರು ಶೆಟ್ಟರು.

ಬಾಯಿ ಆಯ್ತು ಎಂದಿತು... ಮನಸ್ಸು ಕೇಳಬೇಕಲ್ಲ! ದೇವರ ಹೆಸರಲ್ಲಿ ಒಂದು ತುತ್ತು ಕೊಟ್ಟರೆ ಲೋಕ ಮುಳುಗಿಹೋಗುತ್ತದೆಯೇ? ಇವರಿಗೆಲ್ಲ ನಮ್ಮ ಭಕ್ತಿ ಎಲ್ಲಿ ಅರ್ಥವಾಗಬೇಕು?

ಕಮಾವ್ ಬೈನಾಕ್ಯುಲರ್ ಕೊಟ್ಟು ಮೇಘನಾಗೆ ದೂರದ ಆನೆಗಳನ್ನು ತೋರಿಸುತ್ತಿದ್ದ. ಅದೇ ಸಮಯ ನೋಡಿ ಶೆಟ್ಟರು ಒಂದು ಶೇಂಗಾ ಹೋಳಿಗೆ ತೆಗೆದು ಕೈ ಹೊರಗೆ ಚಾಚಿದರು.

ಕಿವಿ ಹರಿದ ಬಬೂನ್ ಇಳಿದು ಬಂತು. ಸ್ವಲ್ಪ ಹೊತ್ತು ಅನುಮಾನಿಸಿತು. ಆಮೇಲೆ ಮೆಲ್ಲಗೆ ಅವರ ಕೈಯಿಂದಲೇ ಹೋಳಿಗೆ ತೆಗೆದುಕೊಂಡಿತು.

ಶೆಟ್ಟರ ಕಣ್ಣು ತುಂಬಿ ಬಂತು. ಜನ್ಮ ಸಾರ್ಥಕವಾಯಿತು ಎನ್ನಿಸಿತು. ವಸುಂಧರಮ್ಮ ನೋಡಿಯೂ ನೋಡದ ಹಾಗೆ ಕೂತರು.

ಜೀಪು ಮುಂದೆ ಹೋಯಿತು.

ಸ್ವಲ್ಪ ಹೊತ್ತಿಗೆ ವೈರ್‌ಲೆಸ್‌ನಲ್ಲಿ ಗಲಾಟೆ... ಕಮಾವ್‌ನ ಮುಖ ಗಂಭೀರವಾಯಿತು. ಜೀಪು ತಿರುಗಿಸಿ ಅದೇ ಮರದ ಹತ್ತಿರ ತಂದ.

ಕಿವಿ ಹರಿದ ಆ ಬಬೂನ್, ಇವರ ಹಿಂದೆ ಬಂದ ಇನ್ನೊಂದು ಜೀಪಿಗೆ ಹತ್ತಿತ್ತು. ಒಬ್ಬ ಅಜ್ಜಿಯ ಬ್ಯಾಗಿಗೆ ಕೈ ಹಾಕಿತ್ತು. ಅವರು ಹೆದರಿ ಬ್ಯಾಗ್ ಎಳೆದುಕೊಂಡಾಗ ಕಚ್ಚಿಬಿಟ್ಟಿತ್ತು. ಅಜ್ಜಿಯ ಕೈಗೆ ಸುತ್ತಿದ್ದ ಟವೆಲ್ ರಕ್ತದಲ್ಲಿ ನೆನೆದಿತ್ತು.

ಬಬೂನ್ ಮರದ ತುದಿಯ ಎಲೆಗಳಲ್ಲಿ ಅಡಗಿತ್ತು. ಕೆಳಗೆ ಬಂದೂಕು ಹಿಡಿದ ಕಾವಲುಗಾರ...

ಅವನು ಅಲ್ಲಿ ನಿಂತಿದ್ದ ಎಲ್ಲ ಜೀಪಿನವರನ್ನೂ ಕೇಳಿದ. "ಇವತ್ತು ಇದಕ್ಕೆ ತಿನ್ನೋಕೆ ಕೊಟ್ಟವರು ಯಾರು?"

ಎಲ್ಲರೂ ಮುಖ ಮುಖ ನೋಡಿಕೊಂಡರು.

"ನಮ್ಮ ಜೀಪಿನವರಲ್ಲ. ನಾನು ಮೊದಲೇ ಹೇಳಿದ್ದೆ, ಅವರು ಕೇಳಿದರು," ಎಂದ ಕಮಾವ್. ಮೇಘನಾ ಹೌದು ಹೌದು ಎಂದು ತಲೆಯಾಡಿಸಿದಳು. ಅಪ್ಪನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಶೆಟ್ಟರು ತಲೆ ತಗ್ಗಿಸಿ ಚಪ್ಪಲಿ ನೋಡುತ್ತಾ ಕೂತರು.

ಆಗ ಮೇಲೆ ಎಲೆ ಅಲುಗಾಡಿತು...

ಬಬೂನ್ ತಾನಾಗಿಯೇ ಇಳಿದು ಬಂತು. ಮೊದಲನೆಯ ಜೀಪು ದಾಟಿತು. ಎರಡನೆಯದನ್ನೂ ದಾಟಿತು. ನೇರವಾಗಿ ಶೆಟ್ಟರ ಜೀಪಿನ ಪಕ್ಕ ಬಂದು ಕುಳಿತು, ಅವರ ಮುಖವನ್ನೇ ನೋಡುತ್ತಾ ಕೈ ಚಾಚಿತು.

ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ.

ಕಮಾವ್ ಮುಖ ಆ ಕಡೆ ತಿರುಗಿಸಿದ. ಮೇಘನಾ ಅಪ್ಪನನ್ನು ನೋಡಿದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಶೆಟ್ಟರಿಗೆ.

"ನಾನೇ... ನಾನೇ ಕೊಟ್ಟಿದ್ದು. ಅದರದೇನೂ ತಪ್ಪಿಲ್ಲ... ಬಿಟ್ಟುಬಿಡು ಅಂತ ಹೇಳಮ್ಮ ಅವನಿಗೆ!" ಕಾವಲುಗಾರನಿಗೆ ಕೈ ಮುಗಿದು ಅತ್ತೇಬಿಟ್ಟರು.

ಮೇಘನಾ ಕಾವಲುಗಾರನನ್ನು ಕೇಳಿದಳು. ಅವನು ಹೇಳಿದ ಉತ್ತರವನ್ನು ಅಪ್ಪನ ಮುಖ ನೋಡದೆಯೇ ಹೇಳಿದಳು.

"ಇದನ್ನ ಕೊಲ್ಲೋಕೆ ಅವರಿಗೂ ಇಷ್ಟ ಇಲ್ವಂತೆ ಅಪ್ಪಾ... ಆದ್ರೆ ಇನ್ನು ಇದು ಮನುಷ್ಯರ ಬೆನ್ನು ಬಿಡಲ್ವಂತೆ."

ಎಲ್ಲ ಜೀಪುಗಳೂ ಹೊರಡಬೇಕೆಂದು ಕಾವಲುಗಾರ ಹೇಳಿದ.

ಶೆಟ್ಟರು ತಿರುಗಿ ನೋಡಿದರು. ಅದು ಓಡಿಹೋಗಿರಲಿಲ್ಲ. ಚಾಚಿದ ಕೈ ಚಾಚಿಕೊಂಡೇ ಅವರ ಜೀಪು ಹೋದ ದಾರಿ ನೋಡುತ್ತಾ ಕುಳಿತಿತ್ತು.

ತಿರುವು ದಾಟಿದ ಮೇಲೆ ಗುಂಡಿನ ಶಬ್ದ ಕೇಳಿಸಿತು...

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಅಂದು ಮಾಡಿದವರು ಒಬ್ಬರು, ಉಂಡಿದ್ದು ಇನ್ನೊಂದು ಜೀವ.

ನಮ್ಮ ಪುಣ್ಯದ ಆಸೆಗೆ ಇನ್ನೊಂದು ಜೀವವನ್ನು ಬಲಿ ಕೊಟ್ಟರೆ ಅದು ದಾನವಲ್ಲ, ಪಾಪ.

ನಾವು ಮಾಡುವ ಉಪಕಾರ ನಿಜವಾಗಿಯೂ ಅವರಿಗಾಗಿಯೋ... ಅಥವಾ ನಮ್ಮ ಮನಸ್ಸಿನ ಸಮಾಧಾನಕ್ಕಾಗಿಯೋ? ಒಮ್ಮೆ ಯೋಚಿಸಿ ನೋಡುತ್ತೀರಾ?